‘ರನ್’ ಎಂಬ ಪದದ 645 ಅರ್ಥಗಳು

ಶ್ರೋತೃಗಳಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂದು ಕೇಳಿದರೆ, ರಸಪ್ರಶ್ನೆಯ ಅಭ್ಯಾಸವಿರುವವರು ‘ಸೆಟ್’ ಎಂದು ಥಟ್ಟನೆ ಹೇಳುತ್ತಾರೆ. 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿಯೂ, 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಅದರ ಎರಡನೆಯ ಆವೃತ್ತಿಯಲ್ಲಿಯೂ ಆ ಪದದ ವಿವರಣೆಯೇ ಅತಿ ದೀರ್ಘವಾಗಿದ್ದುದರಿಂದ, ಒಂದು ಕಾಲಕ್ಕೆ ಆ ಉತ್ತರ ಸರಿಯೇ ಆಗಿತ್ತು. ಮೂರನೆಯ ಆವೃತ್ತಿಯ ಪರಿಷ್ಕರಣೆ ನಡೆಯುತ್ತಿದ್ದಂತೆ ಮೊದಲು ‘ಮೇಕ್’, ಬಳಿಕ ‘ಪುಟ್’ ಮುಂದೆ ಬಂದು, 2011ರಲ್ಲಿ ‘ರನ್’ ಇವೆಲ್ಲವನ್ನೂ ಹಿಂದಿಕ್ಕಿತು. ಅದರ ಕ್ರಿಯಾಪದ ರೂಪವೊಂದಕ್ಕೇ 645 ಅರ್ಥಗಳು. ಅವನ್ನು ವಿಂಗಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಒಂದು ಅರ್ಥ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಿಘಂಟುಕಾರರೇ ತೀರ್ಮಾನಿಸಬೇಕಾದ್ದರಿಂದ, ಈ ಸಂಖ್ಯೆಯನ್ನು ತೀರ ಕಟ್ಟುನಿಟ್ಟಾಗಿ ಹಿಡಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

‘ರನ್ ಎಂದರೆ ಓಡು’ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಪ್ರಾಚೀನ ಇಂಗ್ಲಿಷಿನ ಕಾಲದಿಂದಲೂ ಆ ಪದ ಕಾಲಿನ ಓಟವನ್ನು ಸೂಚಿಸುವಂತೆಯೇ ನೀರಿನ ಹರಿವನ್ನೂ ಸೂಚಿಸುತ್ತ ಬಂದಿದೆ. ಅದರ ದಾಯಾದಿಯಾದ ಜರ್ಮನ್ನಿನ ‘ರಿನ್ನೆನ್’ ಎಂಬ ಪದಕ್ಕೆ ಇಂದಿಗೂ ಹರಿಯುವುದು ಎಂದೇ ಅರ್ಥ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಎಷ್ಟೋ ಗೋಜಲು ಬಿಡುತ್ತದೆ. ನಮ್ಮಲ್ಲಿ ನದಿ ಹರಿಯುತ್ತದೆ, ನೆಗಡಿಯಾದಾಗ ಮೂಗು ಸೋರುತ್ತದೆ, ನೆನೆಸಿಟ್ಟ ಹೊಸ ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿನವರು ಇಷ್ಟನ್ನೂ ‘ರನ್’ ಒಂದರಿಂದಲೇ ಮುಗಿಸುತ್ತಾರೆ. ಇದ್ದಲ್ಲೇ ಇರುವ ಬೇಲಿ ಕೂಡ ಹೊಲದಂಚಿನಲ್ಲಿ ಅವರಿಗೆ ‘ರನ್’ ಆಗುತ್ತದೆ.

ಯಂತ್ರಗಳು ಬಂದ ಮೇಲೆ ಈ ಪದಕ್ಕೆ ಬಿಡುವೇ ಇಲ್ಲದಾಯಿತು. ಉಗಿಯಂತ್ರ, ಗಿರಣಿ, ವೇಳಾಪಟ್ಟಿಯ ಪ್ರಕಾರ ಸಂಚರಿಸುವ ರೈಲು ಇವೆಲ್ಲವೂ ‘ರನ್’ ಆದವು. ಗಿರಣಿಯನ್ನೂ ಹೋಟೆಲನ್ನೂ ಶಾಲೆಯನ್ನೂ ‘ರನ್’ ಮಾಡುವ ಜನರೂ ಹುಟ್ಟಿಕೊಂಡರು. ಅವರು ಹೀಗೆ ಓಡಿಸುವುದನ್ನೆಲ್ಲ ನಾವು ನಿಧಾನವಾಗಿ ‘ನಡೆಸು’ತ್ತೇವೆ ಎಂಬುದು ಸ್ವಾರಸ್ಯಕರ. ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ‘ರನ್’ ಮಾಡುವುದು ಇದೇ ಸಾಲಿನ ಮುಂದುವರಿಕೆ.

ಕ್ರಿಕೆಟ್ಟಿನ ‘ರನ್’ ನಮ್ಮ ಮಕ್ಕಳಿಗೂ ಗೊತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಲೆಕ್ಕ ಬರೆಯುವವನು ಪ್ರತಿ ಓಟಕ್ಕೂ ಕೋಲಿನ ಮೇಲೆ ಒಂದೊಂದು ಕಚ್ಚು ಹಾಕುತ್ತಿದ್ದುದರಿಂದ, ಅದನ್ನು ಕಚ್ಚು ಎಂಬರ್ಥದ ‘ನಾಚ್’ ಎಂದೇ ಕರೆಯುತ್ತಿದ್ದರು. ಆ ಹೆಸರು ಹೋಗಿ ‘ರನ್’ ಉಳಿಯಿತು. ಈಗಲಾದರೋ ಚೆಂಡು ಬೌಂಡರಿ ಗೆರೆ ದಾಟಿದರೆ ಬ್ಯಾಟರ್ ಒಂದು ಹೆಜ್ಜೆ ಇಡದಿದ್ದರೂ ನಾಲ್ಕು ರನ್. ಬೌಲರ್ ವೈಡ್ ಎಸೆದರೆ ಯಾರೂ ಓಡದೆಯೇ ಒಂದು ರನ್. ಹೀಗೆ ಓಟವಿಲ್ಲದ ‘ರನ್’ ಕ್ರೀಡಾಂಗಣದಲ್ಲಿಯೇ ಸಲೀಸಾಗಿ ಸಲ್ಲುತ್ತಿದೆ. ಆಟದಲ್ಲಿ ‘ರನ್ ಔಟ್’ ಆದವನು ಪೆವಿಲಿಯನ್ನಿಗೆ ಮರಳುತ್ತಾನೆ. ಅಡುಗೆಮನೆಯಲ್ಲಿ ಸಕ್ಕರೆ ‘ರನ್ ಔಟ್’ ಆದರೆ ಡಬ್ಬಿ ಖಾಲಿಯಾಗಿದೆ ಎಂದು ತಿಳಿಯಬೇಕು.

ಬ್ಯಾಂಕಿನ ‘ರನ್’ ಇನ್ನೂ ವಿಚಿತ್ರ. ಠೇವಣಿದಾರರೆಲ್ಲ ನಂಬಿಕೆ ಕಳೆದುಕೊಂಡು ಏಕಕಾಲಕ್ಕೆ ಹಣ ಹಿಂಪಡೆಯಲು ಮುಗಿಬೀಳುವುದಕ್ಕೆ ಆ ಹೆಸರು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಈ ಗತಿ ಬಂದಾಗ ಜನ ಓಡಲಿಲ್ಲ. ಶಾಖೆಗಳ ಮುಂದೆ ಉದ್ದುದ್ದ ಸಾಲುಗಳಲ್ಲಿ ಗಂಟೆಗಟ್ಟಲೆ ನಿಂತಿದ್ದರು. ಚುನಾವಣೆಯ ವಿಷಯದಲ್ಲಂತೂ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ: ಅಮೆರಿಕದ ಅಭ್ಯರ್ಥಿ ‘ರನ್’ ಮಾಡಿದರೆ ಬ್ರಿಟನ್ನಿನ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಮ್ಮವರು ಚುನಾವಣೆಗೆ ನಿಲ್ಲುವವರು. ಈ ಮಾತಿನಲ್ಲಿ ನಾವು ಬ್ರಿಟನ್ನಿನ ಪಕ್ಷ.

ಕನ್ನಡದ ‘ಓಡು’ ಕೂಡ ಕಾಲಿಗಷ್ಟೇ ಕಟ್ಟುಬಿದ್ದದ್ದಲ್ಲ. ಬಸ್ಸು ಓಡುತ್ತದೆ, ಮೆಚ್ಚುಗೆಯಾದ ಚಲನಚಿತ್ರ ನೂರು ದಿನ ಓಡುತ್ತದೆ. ಇಲ್ಲಿಯವರೆಗೆ ‘ರನ್’ ನಮ್ಮ ಜೊತೆಗೇ ಇರುತ್ತದೆ. ಆದರೆ ಕಠಿಣವಾದ ಲೆಕ್ಕದ ಮುಂದೆ ಕುಳಿತ ಹುಡುಗ ‘ತಲೆಯೇ ಓಡ್ತಿಲ್ಲ’ ಎಂದಾಗ ಆ ಮಾತನ್ನು ‘ರನ್’ ಬಳಸಿ ಹೇಳಿದರೆ ಲಂಡನ್ನಿನವನಿಗೆ ಏನೊಂದೂ ತಿಳಿಯದು. ‘ಕಾರು ಓಡಿಸುತ್ತೇನೆ’ ಎನ್ನುವಲ್ಲಿಯೂ ಅವನು ‘ಡ್ರೈವ್’ ಎಂಬ ಬೇರೆಯ ಪದವನ್ನೇ ಹುಡುಕಿಕೊಳ್ಳಬೇಕು.