ಕೆಲುಡ್: ಬೆಂಕಿಗಿಂತ ನೀರಿಗೇ ಹೆದರಬೇಕಾದ ಬೆಟ್ಟ

ಎಲ್ರಿಗೂ ನಮಸ್ಕಾರ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ ಕೆಲುಡ್ ಅಂತ ಒಂದು ಜ್ವಾಲಾಮುಖಿ ಇದೆ. ಎತ್ತರ ಬರೀ 1,731 ಮೀಟರ್, ಜಾವಾದ ದೊಡ್ಡ ಬೆಟ್ಟಗಳ ಪಕ್ಕ ಇಟ್ರೆ ಇದು ಕುಳ್ಳ, ಆದ್ರೆ ಇದರ ತಲೆ ಮೇಲೆ ಒಂದು ಕೆರೆ ಇತ್ತು, ಅಲ್ಲೇ ಇರೋದು ಎಲ್ಲಾ ತೊಂದರೆ. 1586ರಲ್ಲಿ ಈ ಬೆಟ್ಟ ಸಿಡಿದಾಗ ಸುಮಾರು 10,000 ಜನ ಸತ್ರು ಅಂತ ದಾಖಲೆ ಹೇಳತ್ತೆ.

1919ರ ಮೇ ತಿಂಗಳಿಗೆ ಬರೋಣ. ಆಗ ಕೆರೆಯಲ್ಲಿ ಹತ್ತಿರ ಹತ್ತಿರ 4 ಕೋಟಿ ಘನ ಮೀಟರ್ ನೀರು. ಮಧ್ಯರಾತ್ರಿ ಬೆಟ್ಟ ಸಿಡೀತು, ಅಷ್ಟೂ ನೀರು ಹೊರಗೆ ಚೆಲ್ಲಿಬಿಡ್ತು, ಆ ನೀರು ಇಳಿಜಾರಲ್ಲಿ ಬಿದ್ದಿದ್ದ ಹಳೇ ಬೂದಿ, ಮರಳು, ಬಂಡೆ ಎಲ್ಲಾ ಬಾಚಿಕೊಂಡು ಹಸಿ ಕಾಂಕ್ರೀಟ್ ಥರ ಗಟ್ಟಿಯಾಗಿ, ಬಿಸಿಬಿಸಿಯಾಗಿ ನದಿ ಪಾತ್ರ ಹಿಡಿದು ಓಡ್ತು. ಇದಕ್ಕೇ ಲಹಾರ್ ಅನ್ನೋದು. ಒಂದು ಗಂಟೆ ಒಳಗೆ 35 ಕಿಲೋಮೀಟರ್‌ಗೂ ಜಾಸ್ತಿ ದೂರ ಹೋಗಿದೆ, ನೂರಕ್ಕೂ ಹೆಚ್ಚು ಹಳ್ಳಿ ಹಾಳು, ಸತ್ತವರು 5,000ಕ್ಕೂ ಮೇಲೆ. ಮಲಗಿದ್ದ ಜನ ಕಣ್ರೀ, ಎದ್ದು ಓಡೋಕೆ ಟೈಮಾದ್ರೂ ಎಲ್ಲಿತ್ತು?

ಆಗ ಅಲ್ಲಿ ಡಚ್ಚರ ಆಳ್ವಿಕೆ. ಅವರ ಇಂಜಿನಿಯರ್‌ಗಳು ತೆಗೆದುಕೊಂಡ ತೀರ್ಮಾನ ನನಗೆ ಈಗಲೂ ದೊಡ್ಡದು ಅನ್ಸತ್ತೆ. ಸ್ಫೋಟ ತಡೆಯೋಕಂತೂ ಆಗಲ್ಲ, ನೀರನ್ನಾದ್ರೂ ಖಾಲಿ ಮಾಡೋಣ ಅಂತ ಬೆಟ್ಟದ ಗೋಡೆಗೇ ಸುರಂಗ ಕೊರೆಯೋಕೆ ಶುರು ಮಾಡಿದ್ರು, ಉದ್ದ ಒಂದು ಕಿಲೋಮೀಟರ್ ಹತ್ತಿರ. ಇಲ್ಲಿ ಸ್ವಲ್ಪ ನಿಂತು ನೋಡಿ. ಕೆರೆ ಮತ್ತೆ ತುಂಬ್ತಾ ಇತ್ತು, ಒಂದೇ ಸಲ ತಳಕ್ಕೆ ತೂತು ಮಾಡಿದ್ರೆ ಮೇಲಿನ ಅಷ್ಟೂ ನೀರಿನ ಒತ್ತಡ ಕೊರೆಯೋರ ಮುಖಕ್ಕೇ ನುಗ್ಗತ್ತೆ. ಅದಕ್ಕೆ ಒಂದರ ಕೆಳಗೆ ಒಂದು ಅಂತ ಹಲವು ಸುರಂಗ ತೆಗೆದು, ಮೇಲಿನದರಿಂದ ಒಂದಷ್ಟು ನೀರು ಬಿಟ್ಟು, ಮಟ್ಟ ಇಳಿದ ಮೇಲೆ ಅದರ ಕೆಳಗಿನದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ರು. 1920ರ ದಶಕ ಮುಗಿಯೋದರೊಳಗೆ ಕೆರೆಯಲ್ಲಿ ಉಳಿದಿದ್ದು 20 ಲಕ್ಷ ಘನ ಮೀಟರ್‌ಗಿಂತ ಕಡಿಮೆ.

ಫಲ ಸಿಕ್ತಾ? ಸಿಕ್ತು. 1951ರಲ್ಲಿ ಬೆಟ್ಟ ಮತ್ತೆ ಸಿಡೀತು, ಸತ್ತವರು ಏಳು ಜನ. ಐದು ಸಾವಿರ ಎಲ್ಲಿ, ಏಳು ಎಲ್ಲಿ!

ಆದ್ರೆ ಅದೇ ಸ್ಫೋಟ ಸುರಂಗದ ಬಾಯಿ ಹಾಳು ಮಾಡ್ತು, ಕೆರೆಯ ತಳವನ್ನ ಇನ್ನೂ ಹತ್ತಾರು ಮೀಟರ್ ಆಳಕ್ಕೆ ತೋಡಿಬಿಡ್ತು. ಅಂದ್ರೆ ಸುರಂಗ ಈಗ ಮೇಲೆ, ಕೆರೆ ತಳ ಎಲ್ಲೋ ಕೆಳಗೆ, ಮಧ್ಯದಲ್ಲಿ ನಿಲ್ಲೋ ನೀರಿಗೆ ದಾರಿನೇ ಇಲ್ಲ. ಆಮೇಲೆ ಇನ್ನೊಂದು ಸುರಂಗ ಕೊರೆಯೋಕೆ ಹೋದ್ರು, ಅದು ಕೆರೆ ತನಕ ಮುಟ್ಟಲಿಲ್ಲ, ನೀರು ತಾನಾಗೇ ಜಿನುಗಿ ಬರತ್ತೆ ಅಂತ ಕಾದ್ರು, ಬರಲಿಲ್ಲ. ಮಳೆ ಬರ್ತಾನೇ ಇತ್ತು, ಕೆರೆ ತುಂಬ್ತಾನೇ ಇತ್ತು. 1966ರ ಏಪ್ರಿಲ್‌ನಲ್ಲಿ ಸಿಡಿದಾಗ 2 ಕೋಟಿ ಘನ ಮೀಟರ್‌ಗೂ ಹೆಚ್ಚು ನೀರಿತ್ತು, 200ಕ್ಕೂ ಜಾಸ್ತಿ ಜನ ಹೋದ್ರು. ಹದಿನೈದು ವರ್ಷ ಟೈಮಿತ್ತು, ಏನು ಮಾಡಬೇಕು ಅನ್ನೋದೂ ಗೊತ್ತಿತ್ತು, ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯತ್ತೆ.

ಮರುವರ್ಷವೇ ಇನ್ನೂ ಕೆಳಗಿನಿಂದ ಹೊಸ ಸುರಂಗ ಬಂತು, ನೀರು ಮತ್ತೆ ಸುಮಾರು 25 ಲಕ್ಷಕ್ಕೆ ಇಳೀತು. 1990ರ ಸ್ಫೋಟ ಸಣ್ಣದೇನಲ್ಲ, ಮೂವತ್ತಕ್ಕೂ ಹೆಚ್ಚು ಜನ ಸತ್ರು, ಆದ್ರೆ ಹೆಚ್ಚಿನವರ ಜೀವ ತೆಗೆದಿದ್ದು ಬೂದಿ ಭಾರಕ್ಕೆ ಕುಸಿದ ಚಾವಣಿ, 1919ರ ಥರದ ಕೆಸರು ಪ್ರವಾಹ ಊರುಗಳನ್ನ ಮುಟ್ಟಲಿಲ್ಲ.

ಇನ್ನೊಂದು ವಿಷ್ಯ. ಬೆಟ್ಟ ಸಿಡಿಯದಿದ್ರೂ ಲಹಾರ್ ಬರಬಹುದು. ನ್ಯೂಜಿಲೆಂಡ್‌ನ ರುವಾಪೆಹು ಜ್ವಾಲಾಮುಖಿಯ ಕೆರೆಗೆ 1945ರ ಸ್ಫೋಟದ ಬೂದಿಯೇ ಒಂದು ಕಟ್ಟೆ ಕಟ್ಟಿತ್ತು, 1953ರ ಡಿಸೆಂಬರ್ 24ರ ರಾತ್ರಿ ಅದು ಒಡೆದು ಕೆಸರು ಪ್ರವಾಹ ಟಂಗಿವಾಯಿ ರೈಲ್ವೆ ಸೇತುವೆಗೆ ಬಡೀತು, ಕೆಲವೇ ನಿಮಿಷದಲ್ಲಿ ಎಕ್ಸ್‌ಪ್ರೆಸ್ ರೈಲು ಅದರ ಮೇಲೆ ಬಂತು, 151 ಜನ ಸತ್ರು. ಅವತ್ತು ಸ್ಫೋಟ ಆಗಿರಲೇ ಇಲ್ಲ.

ಕೆಲುಡ್‌ಗೆ ವಾಪಸ್ ಬರೋಣ. 2007ರಲ್ಲಿ ಕೆರೆ ನೀರು ಬಿಸಿಯಾಗ್ತಾ ಹೋಯ್ತು, ಬಣ್ಣ ಬದಲಾಯ್ತು, ಆಮೇಲೆ ನೀರಿನ ಮಧ್ಯದಿಂದಲೇ ಲಾವಾ ಗುಡ್ಡ ಎದ್ದು ಬಂದು ಕೆರೆ ಹೆಚ್ಚುಕಡಿಮೆ ಮಾಯವಾಯ್ತು. 2014ರ ಫೆಬ್ರವರಿ 13ರ ರಾತ್ರಿ ಆ ಗುಡ್ಡವೇ ಸಿಡಿದು ಹಾರಿಹೋಯ್ತು, ಬೂದಿ 200 ಕಿಲೋಮೀಟರ್ ದೂರದ ಯೋಗ್ಯಕರ್ತಾ ತನಕ ಬಿತ್ತು. ಸ್ಫೋಟಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ ಎಚ್ಚರಿಕೆಯನ್ನ ಗರಿಷ್ಠ ಮಟ್ಟಕ್ಕೆ ಏರಿಸಿ, 10 ಕಿಲೋಮೀಟರ್ ಒಳಗಿನ ಜನ ಜಾಗ ಬಿಡಬೇಕು ಅಂತ ಹೇಳಿದ್ರು, ಸತ್ತವರು ಬೆರಳೆಣಿಕೆಯಷ್ಟು. ಆದ್ರೆ ಬಿದ್ದ ಬೂದಿ ಇಳಿಜಾರಲ್ಲೇ ಕೂತಿರತ್ತಲ್ಲ, ಕೆಲವೇ ದಿನದಲ್ಲಿ ಜೋರು ಮಳೆ ಬಂದು ಮಳೆ ಲಹಾರ್ ಹರೀತು, ಸೇತುವೆಗಳು ಕಿತ್ತು ಹೋದ್ವು. ಸ್ಫೋಟ ಮಾಡಿದ ಹೊಂಡದಲ್ಲಿ ಈಗ ಮತ್ತೆ ನೀರು ಸೇರ್ತಾ ಇದೆ, ಹಾಗಾಗಿ ಅದರ ಮಟ್ಟ ಎಷ್ಟು ಏರ್ತು, ಸುರಂಗದ ಬಾಯಿ ತೆರೆದಿದೆಯಾ ಅನ್ನೋ ಎರಡು ಲೆಕ್ಕ ಅಲ್ಲಿ ಪ್ರತಿ ಮಳೆಗಾಲವೂ ತಪ್ಪದೆ ನೋಡಲೇಬೇಕು.