ಬಗ್ಗಿ ನಿಂತವನನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಇಲ್ಲಿನ ಫುಟ್‌ಬಾಲ್ ತಲೆಗೆ ಹತ್ತಲಿಲ್ಲ ಅನ್ನುವವರು ನಮ್ಮ ಕನ್ನಡದ ಮನೆಗಳಲ್ಲಿ ಜಾಸ್ತಿ. ಮಕ್ಕಳು ಟಿವಿ ಮುಂದೆ ಕೂತು ಕಿರುಚುತ್ತಾರೆ, ಅಪ್ಪ ಅಮ್ಮ ಕಾಫಿ ಲೋಟ ಹಿಡಿದು ಒಳಗೆ ಹೋಗುತ್ತಾರೆ. ಆ ಅಪ್ಪ ಅಮ್ಮಂದಿರ ಜೊತೆಗೇ ನಾನು ಇವತ್ತು ಮಾತಾಡಬೇಕು. ಆಟದ ನಿಯಮವನ್ನೆಲ್ಲ ಹೇಳಲು ಹೋಗುವುದಿಲ್ಲ. ಒಬ್ಬನೇ ಒಬ್ಬ ಆಟಗಾರನನ್ನು ತೋರಿಸುತ್ತೇನೆ. ಅವನು ಲಾಂಗ್ ಸ್ನ್ಯಾಪರ್. ಹನ್ನೆರಡು ವರ್ಷದಿಂದ ನಮ್ಮೂರಿನ ಹೈಸ್ಕೂಲ್ ಹುಡುಗರಿಗೆ ನಾನು ಹೇಳಿಕೊಡುತ್ತಿರುವುದು ಈ ಒಂದೇ ಕೆಲಸವನ್ನು.

ಚೆಂಡನ್ನು ಕಾಲಿನಿಂದ ಒದೆಯುವ ಹೊತ್ತು ಆಟದಲ್ಲಿ ಆಗಾಗ ಬರುತ್ತದೆ, ಅಲ್ವಾ? ಆಗ ಎಲ್ಲರ ಕಣ್ಣೂ ಒದೆಯುವವನ ಮೇಲೆ. ಟಿವಿಯವರೂ ಅವನ ಮುಖವನ್ನೇ ಹತ್ತಿರದಿಂದ ತೋರಿಸುತ್ತಾರೆ. ದಯವಿಟ್ಟು ಅವನನ್ನು ಬಿಡಿ. ಸಾಲಿನ ನಡುವೆ ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ತನ್ನ ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡುತ್ತಾ ನಿಂತಿರುತ್ತಾನಲ್ಲ, ಅವನನ್ನು ನೋಡಿ. ಅವನಿಗೆ ಲೋಕ ತಲೆಕೆಳಗಾಗಿ ಕಾಣುತ್ತಿರುತ್ತದೆ. ಮುಂದೆ ನೂರೈವತ್ತು ಕಿಲೋ ತೂಕದ ಆಳುಗಳು ಮೈಮೇಲೆ ಬೀಳಲು ಕಾದಿರುತ್ತಾರೆ. ಅವನು ಅವರ ಕಡೆ ನೋಡುವ ಹಾಗಿಲ್ಲ. ಎರಡು ಕೈಯಿಂದ ಚೆಂಡನ್ನು ಹಿಂದಕ್ಕೆ ಎಸೆಯಬೇಕು. ಆ ಎಸೆತಕ್ಕೇ ಸ್ನ್ಯಾಪ್ ಅನ್ನುವುದು.

ಎಷ್ಟು ದೂರ? ಪಂಟ್ ಅಂತ ಒಂದು ಒದೆತವಿದೆ, ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವಾಗ ಆದಷ್ಟು ದೂರ ಅಟ್ಟುವುದು. ಅದಕ್ಕೆ ಸುಮಾರು 15 ಗಜ. ನಮ್ಮ ಕ್ರಿಕೆಟ್ ಪಿಚ್ 22 ಗಜ. ಅದರ ಮೂರರಲ್ಲಿ ಎರಡು ಭಾಗ ಅಂತ ಇಟ್ಟುಕೊಳ್ಳಿ. ಅಷ್ಟು ದೂರವನ್ನು ಚೆಂಡು ಮುಕ್ಕಾಲು ಸೆಕೆಂಡಿನಲ್ಲಿ ದಾಟಬೇಕು. ಹೋಗಿ ಸೇರಬೇಕಾದ್ದು ಪಂಟರ್‌ನ ಸೊಂಟದ ಹತ್ತಿರ. ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವ ಫೀಲ್ಡ್ ಗೋಲ್‌ಗೆ ದೂರ ಕಮ್ಮಿ, ಏಳೆಂಟು ಗಜ. ಆದರೆ ಅಲ್ಲಿ ಇನ್ನೊಂದು ಕಷ್ಟ. ಮಂಡಿಯೂರಿದ ಹೋಲ್ಡರ್ ಚೆಂಡನ್ನು ಹಿಡಿದು ನೆಲಕ್ಕೆ ನಿಲ್ಲಿಸುವಾಗ ಅದರ ಹೊಲಿಗೆ ಕಂಬದ ಕಡೆಗೆ ಇರಬೇಕು. ಒದೆಯುವವನ ಕಾಲಿಗೆ ಹೊಲಿಗೆ ತಗುಲಿದರೆ ಚೆಂಡು ಎತ್ತಲೋ ಹೋಗುತ್ತದೆ. ಹೋಲ್ಡರ್‌ಗೆ ಅದನ್ನು ತಿರುಗಿಸಿ ಕೂರುವಷ್ಟು ಪುರುಸೊತ್ತು ಇಲ್ಲ. ಆದ್ದರಿಂದ ಚೆಂಡು ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿ ಅವನ ಕೈ ಸೇರಬೇಕು ಅನ್ನುವುದೂ ಸ್ನ್ಯಾಪರ್‌ನ ಲೆಕ್ಕವೇ. ಸ್ನ್ಯಾಪ್, ಹಿಡಿತ, ಒದೆತ ಮೂರೂ ಸೇರಿ 1.3 ಸೆಕೆಂಡು.

ಇದು ಪ್ರತಿ ಸಲ ಒಂದೇ ತರ ಆಗಬೇಕು. ಮಳೆಯಲ್ಲೂ ಒಂದೇ ತರ, ಹಿಮದಲ್ಲೂ ಒಂದೇ ತರ. ನಮ್ಮ ಹುಡುಗನೊಬ್ಬ ನವೆಂಬರ್ ಸಂಜೆ ಅಭ್ಯಾಸ ಮಾಡುವುದನ್ನು ನೋಡುತ್ತಿರುತ್ತೇನೆ. ಚಳಿಗೆ ಚರ್ಮದ ಚೆಂಡು ಗಟ್ಟಿಯಾಗಿ ಜಾರುತ್ತಿರುತ್ತದೆ. ಅವನು ಬೆರಳ ತುದಿಗೆ ಬಾಯಿಂದ ಬಿಸಿ ಗಾಳಿ ಊದಿಕೊಳ್ಳುತ್ತಾನೆ. ಕಣ್ಣು ಹಿಂದಿದ್ದರೂ ನಡುಬೆರಳು ತಾನಾಗಿ ಹೋಗಿ ಹೊಲಿಗೆಯನ್ನು ಹುಡುಕುತ್ತದೆ. ಎಡಗೈ ಸುಮ್ನೆ ಮೇಲೆ ಕೂರುತ್ತದೆ, ದಾರಿ ತೋರಿಸಲು. ಬೇಲಿಗೆ ಒಂದು ಹಳೇ ಹಾಸಿಗೆ ಒರಗಿಸಿ ಅದರ ಮೇಲೆ ಬಣ್ಣದ ಟೇಪಿನಲ್ಲಿ ಒಂದು ಚೌಕ ಅಂಟಿಸಿದ್ದಾರೆ ಅವನ ಅಮ್ಮ. ಆ ಚೌಕಕ್ಕೆ ದಿನಕ್ಕೆ ನೂರು ಸಲ.

ಈಗ ಒಂದು ಕಥೆ ಹೇಳಬೇಕು. ಇದನ್ನು ಹೇಳದೆ ಲಾಂಗ್ ಸ್ನ್ಯಾಪರ್ ಬಗ್ಗೆ ನಾನು ಮಾತಾಡಿದ್ದೇ ಇಲ್ಲ.

ಟ್ರೇ ಜಂಕಿನ್ ಅಂತ ಒಬ್ಬರು. 1983ರಲ್ಲಿ ಎನ್‌ಎಫ್‌ಎಲ್‌ಗೆ, ಅಂದರೆ ಇಲ್ಲಿನ ದೊಡ್ಡ ವೃತ್ತಿಪರ ಲೀಗ್‌ಗೆ ಬಂದವರು. ಬಫಲೋ, ವಾಷಿಂಗ್ಟನ್, ರೇಡರ್ಸ್, ಸಿಯಾಟಲ್, ಅರಿಜೋನಾ ಅಂತ ಒಂದೊಂದೇ ತಂಡ ದಾಟುತ್ತಾ ಇಪ್ಪತ್ತು ವರ್ಷದ ಹತ್ತಿರ ಆಡಿದರು. ಅಷ್ಟು ವರ್ಷ ಆಡಿದವರನ್ನು ಆ ಲೀಗ್‌ನಲ್ಲಿ ಬೆರಳ ಮೇಲೆ ಎಣಿಸಬಹುದು. ಅಷ್ಟು ಕಾಲ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಸಾಕು ಅಂತ ಆಟ ಬಿಟ್ಟರು.

ಆಗ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸ್ನ್ಯಾಪರ್‌ದೇ ದೊಡ್ಡ ತಲೆನೋವಾಗಿತ್ತು. ಸೋತರೆ ಮನೆಗೆ ಅನ್ನುವ ಪ್ಲೇಆಫ್ ಪಂದ್ಯ ಎದುರಿಗಿದೆ, ನಂಬುವ ಹಾಗೆ ಸ್ನ್ಯಾಪ್ ಮಾಡುವ ಒಬ್ಬನಿಲ್ಲ. ಜಂಕಿನ್‌ಗೆ ಕರೆ ಹೋಯಿತು. 41 ವರ್ಷದ ಮನುಷ್ಯ ಬ್ಯಾಗ್ ಕಟ್ಟಿಕೊಂಡು ಬಂದರು. ಪಂದ್ಯಕ್ಕೆ ಕೆಲವೇ ದಿನ ಇತ್ತು. ಹೋಲ್ಡರ್ ಹೊಸಬ, ಕಿಕ್ಕರ್ ಹೊಸಬ.

2003ರ ಜನವರಿ 5, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಜೈಂಟ್ಸ್ 38, ಆ ಊರಿನ ತಂಡ ಫಾರ್ಟಿನೈನರ್ಸ್ 14. ಗೆದ್ದೇ ಬಿಟ್ಟೆವು ಅಂತ ನಾವೆಲ್ಲ ಊಟಕ್ಕೆ ತಟ್ಟೆ ಹಾಕಿಕೊಂಡಿದ್ದೆವು. ಅಷ್ಟರಲ್ಲಿ ಆ ಅಂತರ ಕರಗುತ್ತಾ ಬಂತು. ಮೂರು ನಿಮಿಷ ಬಾಕಿ ಇದ್ದಾಗ ಜೈಂಟ್ಸ್‌ಗೆ 42 ಗಜದ ಫೀಲ್ಡ್ ಗೋಲ್ ಅವಕಾಶ. ಜಂಕಿನ್ ಬಗ್ಗಿದರು. ಸ್ನ್ಯಾಪ್ ಕೆಟ್ಟಿತು. ಹೋಲ್ಡರ್ ಮ್ಯಾಟ್ ಆಲನ್ ಹೇಗೋ ಚೆಂಡನ್ನು ನಿಲ್ಲಿಸಿದರು, ಮ್ಯಾಟ್ ಬ್ರಯಂಟ್ ಒದ್ದರು, ಗುರಿ ತಪ್ಪಿತು. ಆಮೇಲೆ ಫಾರ್ಟಿನೈನರ್ಸ್ ಮತ್ತೆ ಟಚ್‌ಡೌನ್ ಹೊಡೆದು, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿ ಆರು ಅಂಕ ಗಳಿಸಿ, 39-38 ಮಾಡಿದರು.

ಇನ್ನು ಆರು ಸೆಕೆಂಡು. ಜೈಂಟ್ಸ್‌ಗೆ ಮತ್ತೆ ಫೀಲ್ಡ್ ಗೋಲ್, 41 ಗಜ. ಒದ್ದರೆ ಗೆಲುವು. ನಮ್ಮ ಹಾಲ್‌ನಲ್ಲಿ ಯಾರೂ ಉಸಿರೆತ್ತುತ್ತಿಲ್ಲ. ಎಲ್ಲರೂ ಬ್ರಯಂಟ್‌ನ ಕಾಲನ್ನೇ ನೋಡುತ್ತಿದ್ದೆವು, ನಾನೂ ಅಷ್ಟೇ. ಒದೆತವೇ ಆಗಲಿಲ್ಲ. ಸ್ನ್ಯಾಪ್ ಮತ್ತೆ ಅಡ್ಡಾದಿಡ್ಡಿ ಬಂದಿತ್ತು. ಆಲನ್ ಚೆಂಡನ್ನು ಎತ್ತಿಕೊಂಡು ಓಡಿ, ದಿಕ್ಕು ತೋಚದೆ ಮುಂದಕ್ಕೆ ಎಸೆದರು. ಯಾರ ಕೈಗೂ ಸಿಗಲಿಲ್ಲ. ಪಂದ್ಯ ಮುಗಿಯಿತು.

ಜಂಕಿನ್ ಎಲ್ಲೂ ಅಡಗಲಿಲ್ಲ. ಪತ್ರಕರ್ತರ ಮುಂದೆ ನಿಂತು, ತಪ್ಪು ನನ್ನದೇ ಅಂದರು. ಮೈದಾನ ಹಾಳಾಗಿತ್ತು ಅನ್ನಲಿಲ್ಲ, ಅಭ್ಯಾಸಕ್ಕೆ ದಿನ ಸಾಲಲಿಲ್ಲ ಅನ್ನಲಿಲ್ಲ. ಮಾರನೇ ದಿನ ಲೀಗ್‌ನವರೇ ಒಂದು ಮಾತು ಒಪ್ಪಿಕೊಂಡರು. ಆಲನ್ ಎಸೆದ ಚೆಂಡನ್ನು ಹಿಡಿಯಲು ಹೋದ ಜೈಂಟ್ಸ್‌ನ ರಿಚ್ ಸೂಬರ್ಟ್‌ನನ್ನು ಎದುರಾಳಿ ಎಳೆದು ಬೀಳಿಸಿದ್ದ. ಅಂಪೈರ್‌ಗಳು ಅದನ್ನು ಹಿಡಿಯಬೇಕಿತ್ತು. ಹಿಡಿದಿದ್ದರೆ ಆ ಒದೆತವನ್ನು ಮತ್ತೊಮ್ಮೆ ಆಡಿಸಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಜಂಕಿನ್ ಮತ್ತೆ ಯಾವತ್ತೂ ಆಡಲಿಲ್ಲ.

ಅವರ ಹೆಸರು ಎತ್ತಿದರೆ ಇವತ್ತಿಗೂ ಜನ ಆ ಎರಡು ಸ್ನ್ಯಾಪ್ ಹೇಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮುಂಚೆ ಅವರು ಮಾಡಿದ ಸಾವಿರಾರು ಸ್ನ್ಯಾಪ್ ಯಾರು ನೋಡಿದ್ದರು? ನೋಡಿದ್ದರೆ ಅಲ್ವಾ ಲೆಕ್ಕ ಹಾಕುವುದು! ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಬಗ್ಗಿ ನಿಂತವನನ್ನು ನೋಡಿ. ಸರಿಯಾಗಿ ಹೋದಾಗ ನೋಡಿ.

ಸಮಯ ಓಡುತ್ತಿದೆ. ನಮ್ಮ ಪೋಷಕರು ಕೇಳುವ ಒಂದು ಪ್ರಶ್ನೆಗೆ ಬೇಗ ಉತ್ತರ ಹೇಳಿಬಿಡುತ್ತೇನೆ. ಇದರಲ್ಲಿ ಜೀವನ ನಡೆಯುತ್ತದಾ? ನಡೆಯುತ್ತದೆ. ಲೀಗ್‌ನಲ್ಲಿ 32 ತಂಡ, ತಂಡಕ್ಕೆ 53 ಜನ, ಅದರಲ್ಲಿ ಸ್ನ್ಯಾಪರ್ ಒಬ್ಬನೇ. ಜಾಗ ಕಮ್ಮಿ. ಆದರೆ ಒಮ್ಮೆ ಕೂತವನು ಬೇಗ ಏಳುವುದಿಲ್ಲ. ಪ್ಯಾಟ್ರಿಕ್ ಮ್ಯಾನೆಲಿ 1998ರಿಂದ 2013ರವರೆಗೆ ಶಿಕಾಗೊ ಬೇರ್ಸ್ ಒಂದರಲ್ಲೇ 245 ಪಂದ್ಯ ಆಡಿದರು. ಆ ತಂಡಕ್ಕೆ ಅಷ್ಟು ಪಂದ್ಯ ಬೇರೆ ಯಾರೂ ಆಡಿರಲಿಲ್ಲ. ಕಾಲೇಜಿನ ಅತ್ಯುತ್ತಮ ಸ್ನ್ಯಾಪರ್‌ಗೆ ಕೊಡುವ ಪ್ರಶಸ್ತಿಗೆ ಈಗ ಅವರದೇ ಹೆಸರು. ಮಾಂಟ್ರಿಯಲ್‌ನಿಂದ ಬಂದ ಲಾದುಸೂರ್, ಡಲ್ಲಾಸ್ ತಂಡಕ್ಕೆ 2005ರಿಂದ 2020ರವರೆಗೆ 253 ಪಂದ್ಯ. ಸೈನ್ಯದ ಗ್ರೀನ್ ಬೆರೆ ಪಡೆಯಲ್ಲಿದ್ದ ನೇಟ್ ಬೋಯರ್ ಈ ಕೆಲಸವನ್ನು ತಾನಾಗಿ ಕಲಿತು ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಸೇರಿದರು. 34ನೇ ವಯಸ್ಸಿನಲ್ಲಿ ಸಿಯಾಟಲ್ ತಂಡದ ಅಂಗಿಯನ್ನೂ ತೊಟ್ಟರು. ಇನ್ನೂ ಹಲವರಿದ್ದಾರೆ, ಬಿಡಿ.

ಉಳಿದ ಎರಡು ನಿಮಿಷ ನನಗೆ ಬ್ರಯನ್ ಕಿಂಚನ್‌ಗೆ ಬೇಕು. ಜಂಕಿನ್ ಕಥೆ ನಡೆದು ವರ್ಷ ತುಂಬುವ ಮುಂಚೆ, 2003ರ ಡಿಸೆಂಬರ್‌ನಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಇಬ್ಬರು ಸ್ನ್ಯಾಪರ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಆಟ ಬಿಟ್ಟು ಮೂರು ವರ್ಷವಾಗಿದ್ದ ಕಿಂಚನ್ ಲೂಸಿಯಾನಾದ ಬೇಟನ್ ರೂಜ್‌ನಲ್ಲಿ ಶಾಲಾ ಮೇಷ್ಟರಾಗಿದ್ದರು. ಅವರಿಗೆ ಕರೆ ಬಂತು. 38 ವರ್ಷ. ಹೋದರು. ತಂಡ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ಗೆ ಹೋಯಿತು. ಆ ವಾರವೇ ಅವರ ಕೈ ಮಾತು ಕೇಳುವುದನ್ನು ನಿಲ್ಲಿಸಿತು. ಅಭ್ಯಾಸದಲ್ಲಿ ಚೆಂಡು ನೆಲಕ್ಕೆ ಬೀಳತೊಡಗಿತು. ಬಿಟ್ಟು ಹೋಗುತ್ತೇನೆ ಅಂದರು. ತಂಡದವರು ಬಿಡಲಿಲ್ಲ. ಪಂದ್ಯದ ದಿನ ಊಟಕ್ಕೆ ಕೂತು ಬನ್ ಕೊಯ್ಯುವಾಗ ಚಾಕು ಬೆರಳಿಗೇ ತಗುಲಿತು.

2004ರ ಫೆಬ್ರವರಿ 1, ಹ್ಯೂಸ್ಟನ್. ಎದುರಿಗೆ ಅವರ ಹಳೇ ತಂಡ ಕೆರೋಲೈನಾ. 29-29. ಕೆಲವೇ ಸೆಕೆಂಡು ಬಾಕಿ. ಫೀಲ್ಡ್ ಗೋಲ್, ಎಷ್ಟು ಗಜ ಗೊತ್ತಾ? 41. ಜಂಕಿನ್ ನಿಂತಿದ್ದ ಅದೇ 41.

ಆ ವಿಡಿಯೋ ಸಿಗುತ್ತದೆ, ಇವತ್ತು ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಹಾಕಿ. ಎಲ್ಲರೂ ಕಿಕ್ಕರ್ ವಿನಟಿಯೇರಿಯನ್ನು ತೋರಿಸುತ್ತಾರೆ. ನೀವು ಅವರನ್ನು ನೋಡಬೇಡಿ. ನಡುವೆ ಬಗ್ಗಿದ ಮೇಷ್ಟರನ್ನು ನೋಡಿ. ಗಾಯದ ಬೆರಳಿನಲ್ಲೇ ಚೆಂಡು ಹಿಡಿದಿದ್ದಾರೆ. ಕೈ ಹಿಂದಕ್ಕೆ ಹೋಗುತ್ತದೆ. ಚೆಂಡು ನೆಟ್ಟಗೆ ಹೋಲ್ಡರ್ ಕೆನ್ ವಾಲ್ಟರ್‌ನ ಕೈಯಲ್ಲಿ. 32-29.