ಹುಟ್ಟಿನ ದೋಷ, ಊಟದ ಪಥ್ಯ

ಕೇಳುಗರಿಗೆ ನಮಸ್ಕಾರ.

ಡಯಟ್ ಕೋಲಾದ ಕ್ಯಾನ್ ಕೈಗೆ ಸಿಕ್ಕರೆ ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ಸಕ್ಕರೆಯ ಬದಲು ಸಿಹಿಗೆಂದು ಆಸ್ಪರ್ಟೇಮ್ ಹಾಕಿದ್ದರೆ, ಫೀನೈಲ್‌ಕೀಟೋನ್ಯೂರಿಯಾ ಇರುವವರಿಗೆ ಇದು ಬೇಡ ಎಂಬ ಎಚ್ಚರಿಕೆ ಸಣ್ಣಕ್ಷರದಲ್ಲಿ ಇರುತ್ತದೆ. ಹೆಸರು ಉದ್ದವಾಯಿತು, ಪಿಕೆಯು ಅನ್ನೋಣ. 'ಎಲ್ಲಾ ರಕ್ತದಲ್ಲೇ ಬಂದದ್ದು' ಅನ್ನುವವರಿಗೂ, 'ಎಲ್ಲಾ ಬೆಳೆಸಿದ ರೀತಿ' ಅನ್ನುವವರಿಗೂ ನಾನು ತೋರಿಸುವುದು ಈ ಕಾಯಿಲೆಯನ್ನೇ.

1934ರ ನಾರ್ವೆ. ಒಬ್ಬ ತಾಯಿಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆಯಲಿಲ್ಲ. ಇಬ್ಬರ ಮೂತ್ರಕ್ಕೂ ಒಂದು ಥರ ಮುಗ್ಗಲು ವಾಸನೆ. ಡಾಕ್ಟರುಗಳ ಹತ್ತಿರ ಅಲೆದೂ ಅಲೆದೂ ಆಕೆ ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಬಳಿ ಹೋದರು. ಅವರು ವೈದ್ಯರೂ ಹೌದು, ರಸಾಯನಶಾಸ್ತ್ರ ಓದಿದವರೂ ಹೌದು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬಿಟ್ಟರೆ ಅದು ಹಸಿರಾಯಿತು. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆ ಹಸಿರಿನ ಜಾಡು ಹಿಡಿದೇ ಕಾಯಿಲೆ ಸಿಕ್ಕಿದ್ದು.

ಬೇಳೆ, ಹಾಲು, ಮೊಟ್ಟೆ, ಮಾಂಸ, ಇವೆಲ್ಲದರ ಪ್ರೊಟೀನಿನಲ್ಲೂ ಫೀನೈಲಲನೀನ್ ಎಂಬ ಅಮೈನೋ ಆಮ್ಲ ಇರುತ್ತದೆ. ಆಸ್ಪರ್ಟೇಮಿನಲ್ಲೂ ಇದೆ, ಕ್ಯಾನಿನ ಮೇಲಿನ ಎಚ್ಚರಿಕೆ ಅದಕ್ಕೇ. ಜಾಸ್ತಿಯಾದದ್ದನ್ನು ಲಿವರಿನ ಒಂದು ಕಿಣ್ವ ನೋಡಿಕೊಳ್ಳುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟ ಜೀನೇ ಬಂದಿದ್ದರೆ ಆ ಕಿಣ್ವ ಕೆಲಸಕ್ಕೆ ಬಾರದು. ಫೀನೈಲಲನೀನ್ ರಕ್ತದಲ್ಲಿ ತುಂಬಿಕೊಂಡು ಎಳೆಯ ಮಿದುಳನ್ನು ಹಾಳು ಮಾಡುತ್ತದೆ.

ಅಪ್ಪಟ ಜೀನ್ ಕಾಯಿಲೆ, ಅಲ್ವಾ? ಆದರೆ ಮದ್ದು ಊಟದಲ್ಲಿದೆ. 1950ರ ದಶಕದಲ್ಲಿ ಫೀನೈಲಲನೀನ್ ತೀರಾ ಕಡಿಮೆ ಇರುವ ಪಥ್ಯ ಬಂತು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ಮಗುವಿನ ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತದ ಹನಿಯಲ್ಲೇ ಇದನ್ನು ಪತ್ತೆ ಹಚ್ಚುವ ದಾರಿ ತೋರಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಶುರುವಾದರೆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ಜೀನ್ ಮಾತ್ರ ಇದ್ದ ಹಾಗೇ ಇದೆ.

ಇಲ್ಲಿ ಜೀನಿನ ಪಾಲೆಷ್ಟು, ಪರಿಸರದ ಪಾಲೆಷ್ಟು? ಎಲ್ಲರೂ ಬೇಳೆ, ಹಾಲು ತಿನ್ನುವ ಊರಿನಲ್ಲಿ ಮಗುವಿಗೂ ಮಗುವಿಗೂ ವ್ಯತ್ಯಾಸ ತರುವುದು ಜೀನ್. ಪಿಕೆಯು ಇರುವ ಮಕ್ಕಳನ್ನಷ್ಟೇ ಸಾಲಾಗಿ ಕೂರಿಸಿ ನೋಡಿ, ವ್ಯತ್ಯಾಸ ತರುವುದು ಊಟ. ಜೀನ್ ಅದೇ, ಉತ್ತರ ಬೇರೆ. ಇಷ್ಟು ಪರ್ಸೆಂಟ್ ಅಪ್ಪ-ಅಮ್ಮನದು, ಇಷ್ಟು ಪರ್ಸೆಂಟ್ ಶಾಲೆಯದು ಎಂದು ಯಾರಾದರೂ ಒಂದೇ ಒಂದು ಅಂಕಿ ಹೇಳಿದರೆ, ಯಾವ ಊರಿನ ಲೆಕ್ಕ ಸ್ವಾಮಿ ಎಂದು ಕೇಳಿ.

ಪಥ್ಯ ಮಾಡಿ ಚೆನ್ನಾಗಿ ಬೆಳೆದ ಹೆಣ್ಣುಮಗಳು ಮುಂದೆ ಬಸುರಿಯಾಗುತ್ತಾಳೆ ಅಂದುಕೊಳ್ಳಿ. ಮಗುವಿಗೆ ಪಿಕೆಯು ಇಲ್ಲದೆಯೂ ಇರಬಹುದು. ಆದರೂ ತಾಯಿ ಪಥ್ಯ ಬಿಟ್ಟಿದ್ದರೆ ಅವಳ ರಕ್ತದ ಫೀನೈಲಲನೀನ್ ಹೊಟ್ಟೆಯೊಳಗಿನ ಮಗುವಿನ ಮಿದುಳು, ಹೃದಯಕ್ಕೆ ಪೆಟ್ಟು ಕೊಡುತ್ತದೆ. ತಾಯಿಯ ಜೀನೇ ಇಲ್ಲಿ ಮಗುವಿನ ಪರಿಸರ. ಹಾಗಾಗಿ ಬಸುರಾಗುವುದಕ್ಕೆ ಮೊದಲೇ ಬಿಗಿ ಪಥ್ಯ ಶುರು ಮಾಡಿ ಎನ್ನುತ್ತಾರೆ ವೈದ್ಯರು.